ಸಿಹಿ ಇಲ್ಲದ ಬಟ್ಟಲು

ದ್ರಾಕ್ಷಾರಸದ ಮಾತು ಬಂದೊಡನೆ ನಮ್ಮ ಕುಟುಂಬಗಳಲ್ಲಿ ಮೂರು ಬಗೆಯ ಅಭಿಪ್ರಾಯಗಳು ಕೇಳಿಬರುತ್ತವೆ. “ಕಾನಾ ಊರಿನ ಮದುವೆಯಲ್ಲಿ ಯೇಸುಸ್ವಾಮಿಯೇ ನೀಡಿದ್ದನ್ನು ಬೇಡವೆನ್ನಲು ನಾವು ಯಾರು?” ಎಂದು ಕೇಳುವವರು ಮೊದಲ ಗುಂಪಿನವರು. “ಕುಡಿತವೇ ಮನೆಮುರುಕ, ಅದರ ರುಚಿ, ಪರಿಮಳಗಳ ಚರ್ಚೆ ಕೆಲಸವಿಲ್ಲದವರ ವಿಲಾಸ” ಎನ್ನುವವರು ಎರಡನೆಯ ಗುಂಪಿನವರು. ಇತ್ತೀಚಿನ ವರ್ಷಗಳಲ್ಲಿ ಮೂರನೆಯ ಗುಂಪೊಂದು ಹುಟ್ಟಿಕೊಂಡಿದೆ. ಹೊರದೇಶದಲ್ಲಿ ದುಡಿಯುವ ಮಕ್ಕಳು ರಜೆಗೆ ಬರುವಾಗ ತಂದ ಬಾಟಲಿಯನ್ನು ಮೇಜಿನ ಮೇಲಿಟ್ಟು, “ಇದು ಸಾವಯವ ವೈನ್ ಫಾದರ್, ಕೆಮಿಕಲ್ ಇಲ್ಲ, ಏನೂ ಆಗುವುದಿಲ್ಲ” ಎಂದು ಅಭಯ ನೀಡುವವರು ಇವರು.

ಈ ಮೂರು ಮಾತುಗಳಲ್ಲಿಯೂ ಒಂದಿಷ್ಟು ಸತ್ಯವಿದೆ. ಆದರೆ ಮೂವರೂ ಒಂದು ಪ್ರಶ್ನೆಯಿಂದ ಜಾಣತನದಿಂದ ತಪ್ಪಿಸಿಕೊಳ್ಳುತ್ತಾರೆ. ಬಟ್ಟಲಿನಲ್ಲಿರುವುದು ಏನು? ಅದು ಯಾವ ಮಣ್ಣಿನಿಂದ ಬಂತು, ಯಾರ ಕೈಯಿಂದ ಬಂತು? ದೇವರ ಹೆಸರು ಹೇಳಿ ಕುಡಿಯುವವನಿಗೆ ಈ ಪ್ರಶ್ನೆ ಬೇಡ. ಮೂಗು ಮುರಿದು ದೂರ ಸರಿಯುವವನಿಗೂ ಬೇಡ. ‘ಸಾವಯವ’ ಎಂಬ ಚೀಟಿಯನ್ನು ನೋಡಿ ನೆಮ್ಮದಿ ಪಡೆಯುವವನಿಗಂತೂ ಖಂಡಿತ ಬೇಡ. ಈ ಪ್ರಶ್ನೆಯನ್ನು ಕೇಳದ ರುಚಿ ಕುರುಡು ರುಚಿ, ಕೇಳದ ವರ್ಜನೆಯೂ ಸುಲಭದ ವರ್ಜನೆ ಎಂಬುದೇ ನನ್ನ ವಾದ. ಈ ವಾದಕ್ಕೆ ಆಧಾರವಾಗಿ ಫ್ರಾನ್ಸ್ ದೇಶದ ಒಂದು ಚಿಕ್ಕ ದ್ರಾಕ್ಷಿತೋಟವನ್ನೂ ಅಲ್ಲಿ ತಯಾರಾಗುವ ಸಿಹಿಯಿಲ್ಲದ ಬಿಳಿ ವೈನನ್ನೂ ಓದುಗರ ಮುಂದಿಡಬಯಸುತ್ತೇನೆ.

ಸನ್ಯಾಸಿಗಳು ನೆಟ್ಟ ತೋಟ

ಫ್ರಾನ್ಸಿನ ಪಶ್ಚಿಮ ಭಾಗದಲ್ಲಿ, ಆಂಜೆ ಪಟ್ಟಣಕ್ಕೆ ಸಮೀಪದಲ್ಲಿ, ಲ್ವಾರ್ ನದಿಯ ಉತ್ತರ ದಂಡೆಯ ಮೇಲೆ ಸಾವೆನಿಯೇರ್ ಎಂಬ ಊರಿದೆ. ಅಲ್ಲಿಯ ಕಡಿದಾದ ಇಳಿಜಾರಿನಲ್ಲಿ ‘ಕುಲೇ ದ ಸೆರಾಂ’ ಎಂಬ ತೋಟವಿದೆ. ಅದರ ವಿಸ್ತೀರ್ಣ ಸುಮಾರು 7 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ 17 ಎಕರೆಯಷ್ಟು. ಸಿಸ್ಟರ್ಸಿಯನ್ ಸಭೆಯ ಸನ್ಯಾಸಿಗಳು 1130ರಲ್ಲಿ ಇಲ್ಲಿ ಬಳ್ಳಿಗಳನ್ನು ನೆಟ್ಟರೆಂದು ತೋಟದ ಪರಂಪರೆ ಹೇಳುತ್ತದೆ. ನೆರೆಯ ತೋಟದ ಹೆಸರೇ ‘ಸನ್ಯಾಸಿಗಳ ಬಂಡೆ’. ಪದರು ಕಲ್ಲಿನ ಆ ನೆಲದಲ್ಲಿ ಬೆಳೆಯುವುದು ಶೆನಾ ಬ್ಲಾಂ ಎಂಬ ಒಂದೇ ತಳಿಯ ದ್ರಾಕ್ಷಿ. ಒಂದೇ ಮನೆತನದ ಒಡೆತನದಲ್ಲಿರುವ ಈ ಚಿಕ್ಕ ತೋಟಕ್ಕೆ ಫ್ರಾನ್ಸಿನ ಕಾನೂನು ಪ್ರತ್ಯೇಕ ಪ್ರಾದೇಶಿಕ ಹೆಸರಿನ ಮಾನ್ಯತೆಯನ್ನೇ ಕೊಟ್ಟಿದೆ. ಆಹಾರ ಬರಹಕ್ಕೆ ಹೆಸರಾದ ಕುರ್ನೊನ್‌ಸ್ಕಿ ಎಂಬ ಫ್ರೆಂಚ್ ಲೇಖಕ ಕಳೆದ ಶತಮಾನದಲ್ಲಿ ತನ್ನ ದೇಶದ ಐದು ಅತ್ಯುತ್ತಮ ಬಿಳಿ ವೈನುಗಳಲ್ಲಿ ಇದನ್ನೂ ಎಣಿಸಿದ್ದ.

ಸನ್ಯಾಸಿಗಳು ದ್ರಾಕ್ಷಿ ಬೆಳೆದದ್ದು ಮೋಜಿಗಲ್ಲ. ಬಲಿಪೂಜೆಗೆ ದ್ರಾಕ್ಷಾರಸ ಬೇಕಿತ್ತು, ಅತಿಥಿಗಳಿಗೆ ಬೇಕಿತ್ತು, ಮಠದ ಊಟಕ್ಕೂ ಬೇಕಿತ್ತು. ಅವರು ಅನುಸರಿಸುತ್ತಿದ್ದ ಸಂತ ಬೆನೆಡಿಕ್ಟರ ನಿಯಮಾವಳಿ ಈ ವಿಷಯದಲ್ಲಿ ಬಹಳ ವಿವೇಕದಿಂದ ಕೂಡಿದೆ. ದಿನಕ್ಕೆ ಒಬ್ಬನಿಗೆ ಒಂದು ‘ಹೆಮಿನಾ’, ಅಂದರೆ ಸಾಮಾನ್ಯ ಲೆಕ್ಕದಂತೆ ಸುಮಾರು ಕಾಲು ಲೀಟರು ಸಾಕೆಂದು ಅದು ಮಿತಿ ಹಾಕುತ್ತದೆ. ಕುಡಿಯದೆ ಇರಬಲ್ಲವರಿಗೆ ವಿಶೇಷ ಪ್ರತಿಫಲವಿದೆಯೆಂದು ನೆನಪಿಸುತ್ತದೆ. ಸನ್ಯಾಸಿಗಳಿಗೆ ಇದು ತಕ್ಕದ್ದಲ್ಲವೆಂದು ಹಿರಿಯರು ಹೇಳಿದ್ದರೂ ಈ ಕಾಲದವರನ್ನು ಒಪ್ಪಿಸಲಾಗದು, ಆದ್ದರಿಂದ ಹೊಟ್ಟೆ ಬಿರಿಯುವಷ್ಟು ಕುಡಿಯದಿರಲು ಒಪ್ಪಿಕೊಳ್ಳೋಣ ಎಂಬ ಅರ್ಥದ, ನಸುನಗೆ ತರಿಸುವ ಮಾತೊಂದು ಆರನೆಯ ಶತಮಾನದ ಆ ನಿಯಮದಲ್ಲಿದೆ. ಕಾನಾ ಊರನ್ನು ನೆಪಮಾಡಿಕೊಳ್ಳುವ ಮೊದಲ ಗುಂಪಿನವರು ಈ ಕಾಲು ಲೀಟರನ್ನು ಮರೆಯಬಾರದು.

ಇಪ್ಪತ್ತನೆಯ ಶತಮಾನದಲ್ಲಿ ಈ ತೋಟದ ಕಥೆ ತಿರುವು ಪಡೆಯಿತು. ನ್ಯೂಯಾರ್ಕ್ ಮತ್ತು ಲಂಡನ್‌ನಲ್ಲಿ ಬ್ಯಾಂಕ್ ಉದ್ಯೋಗದಲ್ಲಿದ್ದ ನಿಕೊಲಾ ಜೋಲಿ 1970ರ ದಶಕದ ಉತ್ತರಾರ್ಧದಲ್ಲಿ ತಾಯಿಯ ತೋಟಕ್ಕೆ ಮರಳಿದರು. ಹಳೆಯ ಪದ್ಧತಿ ಬಿಡಿ, ಕಳೆನಾಶಕ ಬಳಸಿ, ಹಣ ಉಳಿಯುತ್ತದೆ ಎಂದು ಕೃಷಿ ಸಲಹೆಗಾರರು ಹೇಳಿದರು. ಅವರು ಹಾಗೆಯೇ ಮಾಡಿದರು. ಎರಡೇ ವರ್ಷಗಳಲ್ಲಿ ಮಣ್ಣಿನ ಬಣ್ಣ ಬದಲಾಯಿತು, ಕೀಟಗಳು ಕಡಿಮೆಯಾದವು, ಕೌಜುಗದ ಹಕ್ಕಿಗಳು ತೋಟದಿಂದ ಮಾಯವಾದವು ಎಂದು ಅವರೇ ಹೇಳಿಕೊಂಡು ಬಂದಿದ್ದಾರೆ. 1980ರ ದಶಕದ ಆರಂಭದಲ್ಲಿ ಅವರು ರಾಸಾಯನಿಕಗಳನ್ನು ಬಿಟ್ಟು, ಗೊಬ್ಬರ ಮತ್ತು ಉಳುಮೆಯ ದಾರಿಗೆ ಬಂದರು. ಇಳಿಜಾರಿನಲ್ಲಿ ಕುದುರೆಯಿಂದ ನೇಗಿಲು ಹೂಡಿಸಿದರು. ಹಣ್ಣನ್ನು ಕೈಯಿಂದಲೇ ಕೊಯ್ಯಿಸಿ, ಅಂಗಡಿಯ ಈಸ್ಟ್ ಬೆರೆಸದೆ ಹಣ್ಣಿನಲ್ಲಿಯೇ ಇರುವ ಈಸ್ಟಿನಿಂದ ರಸವನ್ನು ಹುದುಗಿಸಿದರು. ವೈನ್ ಒಳ್ಳೆಯದೆನಿಸಿಕೊಳ್ಳುವ ಮೊದಲು ಸತ್ಯವಾಗಿರಬೇಕು ಎಂಬುದು ಅವರ ನಿಲುವು. ಈ ನಿಲುವನ್ನು ನಾವು ಗೌರವದಿಂದ ಆಲಿಸಬೇಕು, ಪರೀಕ್ಷಿಸಲೂ ಬೇಕು.

ಸಿಹಿ ಮುಚ್ಚುತ್ತದೆ

ವೈನಿಗೆ ‘ಡ್ರೈ’ ಎಂದಾಗ ನಮ್ಮವರು ತಬ್ಬಿಬ್ಬಾಗುವುದುಂಟು. ದ್ರವ ಪದಾರ್ಥ ಒಣಗಿರುವುದು ಹೇಗೆ? ಸಿಹಿ ಉಳಿಯದ ವೈನ್ ಎಂಬುದಷ್ಟೇ ಅದರ ಅರ್ಥ. ದ್ರಾಕ್ಷಿಯ ಸಕ್ಕರೆಯನ್ನು ಈಸ್ಟ್ ತಿಂದು ಮದ್ಯಸಾರವಾಗಿ ಮಾರ್ಪಡಿಸುತ್ತದೆ. ಅದು ಕೊನೆಯವರೆಗೆ ತಿಂದು ಮುಗಿಸಿದರೆ ವೈನ್ ‘ಡ್ರೈ’. ಯೂರೋಪಿನ ನಿಯಮದಂತೆ ಲೀಟರಿಗೆ 4 ಗ್ರಾಂವರೆಗೆ ಸಕ್ಕರೆ ಉಳಿದಿರಬಹುದು. ಹುಳಿ ಹೆಚ್ಚಿದ್ದರೆ 9 ಗ್ರಾಂವರೆಗೂ ವಿನಾಯಿತಿಯುಂಟು. ನಮ್ಮ ಮನೆಗಳಲ್ಲಿ ಕ್ರಿಸ್ಮಸ್ ಹಬ್ಬಕ್ಕೆಂದು ಭರಣಿಯಲ್ಲಿ ಕಟ್ಟಿಡುವ ದ್ರಾಕ್ಷಾರಸವನ್ನು ಇದರೊಡನೆ ಹೋಲಿಸಿ ನೋಡಿ. ಒಂದು ಕಿಲೋ ದ್ರಾಕ್ಷಿಗೆ ಹೆಚ್ಚುಕಡಿಮೆ ಅಷ್ಟೇ ಸಕ್ಕರೆ, ಒಂದು ಹಿಡಿ ಗೋಧಿ, ಈಸ್ಟ್, ಚಕ್ಕೆ, ಲವಂಗ. ಅಜ್ಜಿಯ ಕಾಲದಿಂದ ಬಂದ ಈ ಪದ್ಧತಿಯಲ್ಲಿ ಪ್ರೀತಿಯಿದೆ, ಹಬ್ಬವಿದೆ. ಆದರೆ ದ್ರಾಕ್ಷಿಯ ರುಚಿ ಹೇಗಿತ್ತೆಂಬುದು ಮಾತ್ರ ಯಾರಿಗೂ ತಿಳಿಯುವುದಿಲ್ಲ.

ಸಕ್ಕರೆಯ ಗುಣವೇ ಅದು. ಹುಳಿ ಮಾವಿನಕಾಯಿಗೆ ಬೆಲ್ಲ ಹಾಕುವ ಗೃಹಿಣಿಗೆ ಇದು ಚೆನ್ನಾಗಿ ಗೊತ್ತು. ಸಿಹಿ ಬಂದರೆ ಉಳಿದ ರಸಗಳು ತಲೆ ತಗ್ಗಿಸುತ್ತವೆ. ಕೊಳೆತ ಹಣ್ಣಿನ ದೋಷವೂ ಅಡಗಿಕೊಳ್ಳುತ್ತದೆ. ಕೆಂಪು ವೈನಿಗೆ ಸಿಪ್ಪೆಯ ಒಗರು ಮತ್ತು ಬಣ್ಣದ ಮರೆಯಿದೆ. ಹೊಸ ಓಕ್ ಮರದ ಪೀಪಾಯಿಯಲ್ಲಿಟ್ಟ ವೈನಿಗೆ ವೆನಿಲ್ಲಾದಂತಹ ಪರಿಮಳದ ಮರೆಯಿದೆ. ಬಿಳಿ ವೈನ್ ತಯಾರಿಸುವಾಗ ಹಣ್ಣನ್ನು ಬೇಗನೆ ಹಿಂಡಿ ಸಿಪ್ಪೆಯನ್ನು ಬೇರ್ಪಡಿಸುತ್ತಾರೆ. ಅದು ಸಿಹಿಯಿಲ್ಲದ ವೈನೂ ಆಗಿದ್ದು, ಮರದ ವಾಸನೆಯೂ ಅದರಲ್ಲಿ ಇಲ್ಲವಾದರೆ ತಯಾರಕನಿಗೆ ಬಚ್ಚಿಟ್ಟುಕೊಳ್ಳಲು ಸ್ಥಳವೇ ಉಳಿಯುವುದಿಲ್ಲ. ಕಾಯಿ ಹಣ್ಣು ಕೊಯ್ದಿದ್ದರೆ, ಕೊಳೆತದ್ದನ್ನು ಆರಿಸದೆ ಬಿಟ್ಟಿದ್ದರೆ, ಹುದುಗುವಾಗ ಅಸಡ್ಡೆ ಮಾಡಿದ್ದರೆ ಎಲ್ಲವೂ ನಾಲಗೆಗೆ ತಿಳಿದೀತು. ಸಿಹಿ ಇಲ್ಲದ ಬಿಳಿ ವೈನ್ ಒಂದು ಬಗೆಯಲ್ಲಿ ಪಾಪನಿವೇದನೆ ಮಾಡುವ ವೈನ್.

ಈ ತೋಟದ ವೈನನ್ನು ನಾನು ರುಚಿ ನೋಡಿದ್ದು ಒಂದೇ ಬಾರಿ, ಆಂಜೆ ಕಡೆಯ ಧರ್ಮಕೇಂದ್ರವೊಂದರಲ್ಲಿ ಬೇಸಿಗೆಯ ಬದಲಿ ಗುರುವಾಗಿದ್ದಾಗ. ಐದು ಜನರಿಗೆ ಒಂದೇ ಬಾಟಲಿ. ಈ ವೈನನ್ನು ಒಂದು ದಿನ ಮುಂಚಿತವಾಗಿ ತೆರೆದು ಗಾಳಿಗೆ ಬಿಡಬೇಕು, ತೀರ ತಣ್ಣಗೆ ಮಾಡಬಾರದೆಂದು ತೋಟದವರೇ ಹೇಳುತ್ತಾರೆ. ಆತಿಥೇಯ ಗುರುಗಳು ಹಾಗೆಯೇ ಹಿಂದಿನ ಸಂಜೆ ತೆರೆದಿಟ್ಟಿದ್ದರು. ಬಣ್ಣ ಹಳೆಯ ಚಿನ್ನದ್ದು. ಮೂಗಿಗೆ ಜೇನುಮೇಣದ ಮತ್ತು ಮಾಗಿದ ಸೇಬಿನ ಪರಿಮಳ. ಮೂಗು ಜೇನಿನ ಆಸೆ ತೋರಿಸುತ್ತದೆ, ಬಾಯಿಯಲ್ಲಿ ಜೇನಿನ ಸಿಹಿ ಲವಲೇಶವೂ ಇಲ್ಲ. ನೆಲ್ಲಿಕಾಯಿ ಕಚ್ಚಿದಾಗ ಬಾಯಲ್ಲಿ ನೀರೂರುವಂತಹ ಹುಳಿ. ಕೊನೆಯಲ್ಲಿ ಕಿತ್ತಳೆ ಸಿಪ್ಪೆಯ ಸಣ್ಣ ಕಹಿ. ಗೇರುಹಣ್ಣು ತಿಂದ ಬಳಿಕ ಗಂಟಲಲ್ಲಿ ಉಳಿಯುವ ಒಗರಿನ ದೂರದ ನೆನಪು. ಮೊದಲ ಮಳೆಗೆ ನೆನೆದ ಹಾಸುಗಲ್ಲಿನ ವಾಸನೆಯೂ ಇತ್ತೆಂದು ಹೇಳಬಲ್ಲೆ. ಬಂಡೆಯ ರುಚಿ ಬೇರಿನ ಮೂಲಕ ಹಣ್ಣಿಗೆ ಏರುತ್ತದೆಂಬ ನಂಬಿಕೆಯನ್ನು ಭೂವಿಜ್ಞಾನಿಗಳು ಒಪ್ಪುವುದಿಲ್ಲ ಎಂಬುದನ್ನೂ ಸೇರಿಸಬೇಕು. ರುಚಿಯನ್ನು ಹೇಳಲು ನಮಗೆ ಎರವಲು ಪದಗಳು ಬೇಕಿಲ್ಲ. ಹುಳಿ, ಕಹಿ, ಒಗರುಗಳನ್ನು ಬೇರೆ ಬೇರೆಯಾಗಿ ಗುರುತಿಸುವ ನಾಲಗೆ ನಮ್ಮ ಅಡುಗೆಮನೆಯಲ್ಲಿಯೇ ಪಳಗಿದೆ.

ಆದರೆ ನನ್ನ ವಾದದ ತಿರುಳು ಇರುವುದು ಇಲ್ಲಿಯೇ. ಆ ವೈನ್ ಸಾವಯವವೆಂದು ನನ್ನ ನಾಲಗೆ ನನಗೆ ಹೇಳಲಿಲ್ಲ. ಎಂತಹ ಪರಿಣತನ ನಾಲಗೆಯೂ ಅದನ್ನು ಖಚಿತವಾಗಿ ಹೇಳಲಾರದು. ಹಣ್ಣು ಮಾಗಿತ್ತು, ತಯಾರಕರು ಸಕ್ಕರೆಯ ಮರೆ ಹಿಡಿಯಲಿಲ್ಲ, ಅವಸರ ಮಾಡಲಿಲ್ಲ ಎಂಬಷ್ಟನ್ನು ನಾಲಗೆ ಹೇಳೀತು. ತೋಟದಲ್ಲಿ ಯಾವ ವಿಷ ಸಿಂಪಡಿಸಲಿಲ್ಲ, ದುಡಿದವರಿಗೆ ಎಷ್ಟು ಕೂಲಿ ಸಿಕ್ಕಿತು ಎಂಬುದನ್ನು ಅದು ಎಲ್ಲಿಂದ ಹೇಳೀತು?

ನಾಲಗೆಯ ಮಿತಿಯನ್ನು ಇನ್ನಷ್ಟು ಕಟುವಾಗಿ ತೋರಿಸಿಕೊಟ್ಟದ್ದು 2001ರಲ್ಲಿ ಪ್ರಕಟವಾದ ಬೋರ್ಡೋ ನಗರದ ಒಂದು ಪ್ರಯೋಗ. ವೈನ್ ಶಾಸ್ತ್ರವನ್ನು ಅಭ್ಯಸಿಸುತ್ತಿದ್ದ 54 ವಿದ್ಯಾರ್ಥಿಗಳ ಮುಂದೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಇಟ್ಟರು. ಅವರು ಅದನ್ನು ಕೆಂಪು ವೈನಿಗೆ ಬಳಸುವ ಪದಗಳಿಂದಲೇ ವರ್ಣಿಸಿದರು. ಕಣ್ಣು ಮೂಗನ್ನು ವಂಚಿಸಿತು. ಬೆಲೆಯ ಚೀಟಿ, ತೋಟದ ಖ್ಯಾತಿ, ‘ಸಾವಯವ’ ಎಂಬ ಮುದ್ರೆಗಳೂ ಹೀಗೆಯೇ ವಂಚಿಸಬಲ್ಲವು. ಕುಲೇ ದ ಸೆರಾಂ ಕುರಿತೂ ಪರಿಣತರಲ್ಲಿ ಒಮ್ಮತವಿಲ್ಲ. ಅದ್ಭುತವೆಂದು ಹೊಗಳುವವರಿದ್ದಾರೆ, ಕೆಲವು ವರ್ಷಗಳ ಬಾಟಲಿಗಳು ಗಾಳಿ ತಾಗಿ ದಣಿದಂತಿವೆ ಎನ್ನುವವರೂ ಇದ್ದಾರೆ. ಸಾವಯವವೆಂಬ ಕಾರಣಕ್ಕೆ ದೋಷವನ್ನು ಗುಣವೆಂದು ಹೊಗಳಬೇಕಾಗಿಲ್ಲ. ಸತ್ಯವು ಮೊದಲು ಬರಲಿ ಎನ್ನುವ ತೋಟಗಾರನಿಗೆ ರುಚಿ ನೋಡುವವನೂ ಸತ್ಯವನ್ನೇ ಹೇಳುವುದು ನ್ಯಾಯ.

ಚೀಟಿಯ ಮೇಲಿನ ಪದ

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಮ್ಮ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಮೂರನೆಯ ಗುಂಪಿನವರು ಹೇಳುವ ‘ಕೆಮಿಕಲ್ ಇಲ್ಲ’ ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ.

ಕರಾವಳಿ ಮತ್ತು ಮಲೆನಾಡಿನ ಅಡಿಕೆ ಬೆಳೆಗಾರರಿಗೆಲ್ಲ ಬೋರ್ಡೋ ದ್ರಾವಣ ಗೊತ್ತು. ಮಳೆಗಾಲದಲ್ಲಿ ಕೊಳೆರೋಗ ತಡೆಯಲು ಮೈಲುತುತ್ತು ಮತ್ತು ಸುಣ್ಣ ಕಲಸಿ ಗೊನೆಗಳಿಗೆ ಸಿಂಪಡಿಸುವ ನೀಲಿ ನೀರು ಅದು. ಆ ಹೆಸರು ಬಂದದ್ದು ಫ್ರಾನ್ಸಿನ ಬೋರ್ಡೋ ದ್ರಾಕ್ಷಿತೋಟಗಳಿಂದ. ದಾರಿಹೋಕರು ಹಣ್ಣು ಕದಿಯದಿರಲೆಂದು ಅಲ್ಲಿಯ ಬೆಳೆಗಾರರು ರಸ್ತೆಬದಿಯ ಬಳ್ಳಿಗಳಿಗೆ ತಾಮ್ರ ಮತ್ತು ಸುಣ್ಣದ ಮಿಶ್ರಣ ಬಳಿಯುತ್ತಿದ್ದರು. ಅಮೆರಿಕದಿಂದ ಬಂದ ಬೂಜುರೋಗ ಆ ಬಳ್ಳಿಗಳನ್ನು ಮಾತ್ರ ಮುಟ್ಟಲಿಲ್ಲವೆಂಬುದನ್ನು ಗಮನಿಸಿದ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ 1885ರಲ್ಲಿ ಈ ಔಷಧಿಯನ್ನು ಪ್ರಕಟಿಸಿದ. ಕಳ್ಳರಿಗೆ ಹೆದರಿ ಹಚ್ಚಿದ್ದು ರೋಗಕ್ಕೆ ಮದ್ದಾಯಿತು! ಇಂದಿಗೂ ಯೂರೋಪಿನ ಸಾವಯವ ದ್ರಾಕ್ಷಿತೋಟಗಳಲ್ಲಿ ತಾಮ್ರ ಮತ್ತು ಗಂಧಕಗಳ ಬಳಕೆಗೆ ಅನುಮತಿಯಿದೆ. ತಾಮ್ರ ಕರಗಿ ಹೋಗುವ ವಸ್ತುವಲ್ಲ. ಮಣ್ಣಿನಲ್ಲಿ ಸಂಗ್ರಹವಾಗಿ ಎರೆಹುಳುಗಳಿಗೆ ಹಾನಿ ಮಾಡಬಲ್ಲದು. ಆದ್ದರಿಂದಲೇ 2019ರಿಂದ ಏಳು ವರ್ಷಗಳಲ್ಲಿ ಹೆಕ್ಟೇರಿಗೆ 28 ಕಿಲೋ ಮೀರಬಾರದೆಂದು ಯೂರೋಪಿಯನ್ ಒಕ್ಕೂಟ ಮಿತಿ ಹೇರಿತು. ಸಾವಯವವೆಂದರೆ ಏನನ್ನೂ ಸಿಂಪಡಿಸುವುದಿಲ್ಲ ಎಂದರ್ಥವಲ್ಲ.

ಬಾಟಲಿಯೊಳಗಿನ ಸಂಗತಿಯೂ ಹಾಗೆಯೇ. ಯೂರೋಪಿನಲ್ಲಿ 2012ರವರೆಗೆ ‘ಸಾವಯವ ವೈನ್’ ಎಂಬ ಹೆಸರಿಗೇ ಕಾನೂನಿನ ಮಾನ್ಯತೆ ಇರಲಿಲ್ಲ. ‘ಸಾವಯವ ದ್ರಾಕ್ಷಿಯಿಂದ ಮಾಡಿದ ವೈನ್’ ಎಂದಷ್ಟೇ ಬರೆಯಬಹುದಿತ್ತು. ಅನಂತರ ಬಂದ ನಿಯಮದಲ್ಲಿಯೂ ವೈನ್ ಕೆಡದಂತೆ ಕಾಯುವ ಗಂಧಕಾಂಶಕ್ಕೆ ಜಾಗವಿದೆ. ಸಿಹಿಯಿಲ್ಲದ ಸಾಮಾನ್ಯ ಬಿಳಿ ವೈನಿನಲ್ಲಿ ಅದು ಲೀಟರಿಗೆ 200 ಮಿಲಿಗ್ರಾಂವರೆಗೆ ಇರಬಹುದಾದರೆ, ತೀರ ಕಡಿಮೆ ಸಕ್ಕರೆಯ ಸಾವಯವ ಬಿಳಿ ವೈನಿನಲ್ಲಿ 150 ಮಿಲಿಗ್ರಾಂವರೆಗೆ. ವ್ಯತ್ಯಾಸವಿದೆ, ಆಕಾಶ ಭೂಮಿಯ ವ್ಯತ್ಯಾಸವಲ್ಲ.

ಹೀಗೆಂದು ರಾಸಾಯನಿಕ ಬಳಸುವ ದೊಡ್ಡ ಕಂಪನಿಗಳ ಪರವಾಗಿ ನಾನು ವಕಾಲತ್ತು ವಹಿಸುತ್ತಿದ್ದೇನೆಂದು ಯಾರೂ ಭಾವಿಸಬೇಡಿ. ಒಂದು ಪೊಟ್ಟಣ ಬಿಸ್ಕತ್ತಿನ ಮೇಲೆ ಏನೇನು ಬೆರೆಸಿದೆಯೆಂದು ಬರೆಯಲೇಬೇಕು. ವೈನಿನ ಬಾಟಲಿಗೆ ಈ ಕಡ್ಡಾಯ ಯೂರೋಪಿನಲ್ಲಿ ಬಂದದ್ದು 2023ರ ಡಿಸೆಂಬರ್ 8ರಿಂದ. ಅದೂ ಬಾಟಲಿಯ ಮೇಲಿನ ಕ್ಯೂಆರ್ ಸಂಕೇತವನ್ನು ಮೊಬೈಲಿನಲ್ಲಿ ತೆರೆದು ಓದುವಂತಿದ್ದರೆ ಸಾಕು. ಅಷ್ಟು ವರ್ಷ ಗ್ರಾಹಕನಿಗೆ ತಿಳಿಸದೆ ಕಾದುಕೊಂಡ ಗುಟ್ಟಾದರೂ ಏನು? ಮುಚ್ಚುವವರು ಎರಡೂ ಕಡೆ ಇದ್ದಾರೆ. ಒಬ್ಬರು ಮೌನದಿಂದ ಮುಚ್ಚುತ್ತಾರೆ, ಇನ್ನೊಬ್ಬರು ಪುಣ್ಯದ ಪದದಿಂದ ಮುಚ್ಚುತ್ತಾರೆ.

ಜೋಲಿಯವರು ಅನುಸರಿಸುವ ಪದ್ಧತಿಗೆ ‘ಬಯೋಡೈನಮಿಕ್’ ಎಂದು ಹೆಸರು. ರುಡಾಲ್ಫ್ ಸ್ಟೈನರ್ 1924ರಲ್ಲಿ ಕೊಬರ್‌ವಿಟ್ಸ್ ಎಂಬಲ್ಲಿ ನೀಡಿದ ಉಪನ್ಯಾಸಗಳು ಅದರ ಮೂಲ. ಹಸುವಿನ ಕೊಂಬಿನಲ್ಲಿ ಸಗಣಿ ತುಂಬಿ ಚಳಿಗಾಲವಿಡೀ ಹೂತಿಟ್ಟು, ಅನಂತರ ನೀರಿನಲ್ಲಿ ಕದಡಿ ಚಿಮುಕಿಸುವುದು, ಗ್ರಹಗತಿ ನೋಡಿ ಕೆಲಸ ಮಾಡುವುದು ಅದರ ಆಚರಣೆಗಳು. ಸ್ಟೈನರನ ವಿಶ್ವಶಕ್ತಿಗಳ ಸಿದ್ಧಾಂತ ಕ್ರೈಸ್ತ ವಿಶ್ವಾಸಕ್ಕೆ ಹೊಂದುವುದಿಲ್ಲ. ಅದು ವಿಜ್ಞಾನದ ಪರೀಕ್ಷೆಯಲ್ಲಿಯೂ ನಿಂತಿಲ್ಲ. ಆದರೆ ಕೊಂಬನ್ನು ಒಪ್ಪದವರು ನೇಗಿಲನ್ನೂ ತಿರಸ್ಕರಿಸಬೇಕಾಗಿಲ್ಲ. ಕಳೆನಾಶಕ ಬಿಟ್ಟದ್ದು, ಗೊಬ್ಬರ ಹಾಕಿದ್ದು, ಉತ್ತು ಮಣ್ಣನ್ನು ಉಸಿರಾಡಗೊಟ್ಟದ್ದು ಇವು ಯಾವ ಗ್ರಹದ ಅನುಗ್ರಹವೂ ಇಲ್ಲದೆ ಒಳ್ಳೆಯ ಕೆಲಸಗಳೇ.

ಇನ್ನು ‘ಏನೂ ಆಗುವುದಿಲ್ಲ’ ಎಂಬ ಅಭಯದ ಮಾತು. ಈ ತೋಟದ ವೈನಿನಲ್ಲಿ ಮದ್ಯಸಾರ ಹಲವು ವರ್ಷಗಳಲ್ಲಿ ಶೇಕಡ 14ರಿಂದ 15ರಷ್ಟಿರುತ್ತದೆ. ಸಾವಯವ ಮದ್ಯಸಾರವೆಂಬುದು ಬೇರೆ ಇಲ್ಲ. ಮದ್ಯವು ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲಿಯೇ ವರ್ಗೀಕರಿಸಿತು. ಆರೋಗ್ಯದ ದೃಷ್ಟಿಯಿಂದ ಸುರಕ್ಷಿತವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿತು. ಕುಡಿತದಿಂದ ಮುರಿದ ಮನೆಯ ತಾಯಂದಿರು ನಮ್ಮ ಗುರುನಿವಾಸಗಳ ಬಾಗಿಲಿಗೆ ಬಂದು ಅಳುವಾಗ, ಗಂಡ ಕುಡಿದದ್ದು ಸಾವಯವವೋ ಅಲ್ಲವೋ ಎಂದು ಯಾರೂ ಕೇಳುವುದಿಲ್ಲ. ವೃತ್ತಿಯಿಂದ ವೈನ್ ರುಚಿ ನೋಡುವವರು ಬಾಯಿಯಲ್ಲಿ ಹೊರಳಿಸಿ, ಪರೀಕ್ಷಿಸಿ, ಪಕ್ಕದ ಪಾತ್ರೆಗೆ ಉಗುಳುತ್ತಾರೆ. ನಮ್ಮ ಕಣ್ಣಿಗೆ ಅದು ಅಸಹ್ಯವೆನಿಸಬಹುದು. ಆದರೆ ರುಚಿ ನೋಡುವುದಕ್ಕೂ ಕುಡಿಯುವುದಕ್ಕೂ ಇರುವ ಅಂತರವನ್ನು ಆ ಉಗುಳುವ ಪಾತ್ರೆಯಷ್ಟು ಚೆನ್ನಾಗಿ ಯಾವ ಪ್ರಬೋಧನೆಯೂ ಹೇಳಲಾರದು.

ಸೇವಕರಿಗೆ ಗೊತ್ತಿತ್ತು

ಹಾಗಾದರೆ ಎರಡನೆಯ ಗುಂಪಿನವರು ಹೇಳುವುದೇ ಸರಿ, ಈ ರುಚಿಯ ಗೊಡವೆಯೇ ನಮಗೆ ಬೇಡ ಎನ್ನೋಣವೇ? ಅದನ್ನೂ ನಾನು ಒಪ್ಪಲಾರೆ. ಸಂತ ಯೊವಾನ್ನರ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ನಾವು ಗಮನಿಸದೆ ದಾಟಿಹೋಗುವ ಒಂದು ಸೂಕ್ಷ್ಮವಿದೆ. ಔತಣದ ಮೇಲ್ವಿಚಾರಕ ದ್ರಾಕ್ಷಾರಸದ ರುಚಿ ನೋಡಿದ. ಉತ್ತಮವಾದದ್ದೆಂದು ಸರಿಯಾಗಿಯೇ ಗುರುತಿಸಿದ. ಆದರೆ ಅದು ಎಲ್ಲಿಂದ ಬಂತೆಂಬುದು ಅವನಿಗೆ ತಿಳಿದಿರಲಿಲ್ಲ. ನೀರು ತುಂಬಿದ ಸೇವಕರಿಗೆ ಮಾತ್ರ ತಿಳಿದಿತ್ತೆಂದು ಶುಭಸಂದೇಶಕಾರರು ಬರೆಯುತ್ತಾರೆ. ನಾಲಗೆಗೆ ಗುಣ ತಿಳಿಯಿತು, ಮೂಲ ತಿಳಿಯಲಿಲ್ಲ. ಮೂಲ ತಿಳಿದವರು ಕೊಡ ಹೊತ್ತವರು. ಕೈ ಕೆಸರಾದರೆ ಬಾಯಿ ಮೊಸರು ಎಂದು ನಮ್ಮ ಗಾದೆ ಹೇಳುತ್ತದೆ. ಇಂದು ಕೆಸರಾಗುವ ಕೈ ಒಬ್ಬರದು, ಮೊಸರಾಗುವ ಬಾಯಿ ಇನ್ನೊಬ್ಬರದು.

ಆ ಕೈಗಳಿಗೆ ಆದದ್ದೇನೆಂದು ಕೇಳಿ. ಕೀಟನಾಶಕಗಳೊಡನೆ ದುಡಿದ ರೈತರಿಗೆ ಬರುವ ಪಾರ್ಕಿನ್‌ಸನ್ ರೋಗವನ್ನು ಫ್ರಾನ್ಸ್ ಸರಕಾರ 2012ರಲ್ಲಿ ವೃತ್ತಿಸಂಬಂಧಿ ಕಾಯಿಲೆಯೆಂದು ಅಧಿಕೃತವಾಗಿ ಅಂಗೀಕರಿಸಿತು. ದ್ರಾಕ್ಷಿತೋಟಗಳು ಆ ದೇಶದಲ್ಲಿ ಅತಿ ಹೆಚ್ಚು ಔಷಧಿ ಸಿಂಪಡಿಸುವ ತೋಟಗಳ ಸಾಲಿನಲ್ಲಿವೆ. ಲೋಟ ಎತ್ತಿ ಪರಿಮಳ ಹೀರುವವನ ಮೂಗಿಗೆ ನಡುಗುವ ಆ ಕೈಗಳ ಸುಳಿವು ಸಿಗುವುದಿಲ್ಲ. ನಮಗೆ ಇದು ದೂರದ ಕಥೆಯಲ್ಲ. ಬೆಳ್ತಂಗಡಿ ತಾಲೂಕಿನ ಕೊಕ್ಕಡದ ಹೆಸರು ಕೇಳಿದವರಿಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಿದ ಕಾಲ ನೆನಪಿಗೆ ಬರುತ್ತದೆ. ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಅದನ್ನು ತಡೆಯಿತು. ಹಾಸಿಗೆ ಹಿಡಿದ ಮಕ್ಕಳನ್ನು ಎತ್ತಿ ಸಲಹುತ್ತ ಬಂದ ತಾಯಂದಿರಿಗೆ ಆ ತೀರ್ಪು ತಡವಾಗಿತ್ತು. ಗೋಡಂಬಿ ತಿಂದವರ ನಾಲಗೆಗೆ ಎಂದಾದರೂ ಅದರ ಕಹಿ ತಿಳಿದಿತ್ತೇ?

ಆದ್ದರಿಂದಲೇ ಒಂದು ಚಿಕ್ಕ ತೋಟ ವಿಷವಿಲ್ಲದೆ ಬೆಳೆಯುತ್ತೇನೆಂದು ನಿಂತರೆ ನಾವು ಅದನ್ನು ವಿಲಾಸವೆಂದು ತಳ್ಳಿಹಾಕುವಂತಿಲ್ಲ. ಆ ಬಾಟಲಿಯ ಬೆಲೆ ನಮ್ಮ ಹಣದಲ್ಲಿ ಸಾವಿರಾರು ರೂಪಾಯಿ. ಅದನ್ನು ಯಾರೂ ಕೊಳ್ಳಬೇಕಾಗಿಲ್ಲ. ಸಿರಿವಂತರ ಮೇಜಿಗೆ ಮಾತ್ರ ನಿಲುಕುವ ಶುದ್ಧಿ ಸಮಾಜದ ಶುದ್ಧಿಯಲ್ಲ ಎಂಬ ಟೀಕೆ ನ್ಯಾಯವಾದದ್ದೇ. ಆದರೆ ಆ ಟೀಕೆಯ ಬಾಣ ಚಿಕ್ಕ ಬೆಳೆಗಾರನಿಗೆ ನಾಟಬೇಕೋ, ವಿಷವನ್ನು ಅಗ್ಗವಾಗಿಸಿ ಗೊಬ್ಬರವನ್ನು ದುಬಾರಿಯಾಗಿಸಿದ ವ್ಯವಸ್ಥೆಗೆ ನಾಟಬೇಕೋ? ನಾಬೋತನ ದ್ರಾಕ್ಷಿತೋಟವೂ ಚಿಕ್ಕದೇ. ಅರಸ ಅಹಾಬ ಅದಕ್ಕಿಂತ ಉತ್ತಮವಾದ ತೋಟ ಕೊಡುತ್ತೇನೆಂದ, ಹಣವನ್ನಾದರೂ ಕೊಡುತ್ತೇನೆಂದ. ಪಿತ್ರಾರ್ಜಿತ ಭೂಮಿ ಮಾರಾಟದ ಸರಕಲ್ಲವೆಂದು ನಾಬೋತ ನಿರಾಕರಿಸಿದ, ಅದಕ್ಕಾಗಿ ಪ್ರಾಣ ತೆತ್ತ. ಸಣ್ಣ ಹಿಡುವಳಿಗಳೇ ಇಂದಿಗೂ ಲೋಕದ ಬಹುಪಾಲು ಜನರಿಗೆ ಅನ್ನ ನೀಡುತ್ತಿವೆ, ಕಡಿಮೆ ಭೂಮಿ ಮತ್ತು ನೀರನ್ನು ಬಳಸುತ್ತವೆ ಎಂದು ದಿವಂಗತ ಪೋಪ್ ಫ್ರಾನ್ಸಿಸರು 2015ರ ತಮ್ಮ ‘ಲೌದಾತೊ ಸೀ’ ವಿಶ್ವಪತ್ರದಲ್ಲಿ ನೆನಪಿಸಿದ್ದರು.

ಧರ್ಮಸಭೆ ಬಲಿಪೀಠದ ದ್ರಾಕ್ಷಾರಸದ ವಿಷಯದಲ್ಲಿ ಕೇಳುವುದೂ ಇದೇ ಪ್ರಶ್ನೆಯನ್ನು. ಕಾನೂನು ಸಂಹಿತೆಯ 924ನೆಯ ನಿಯಮದಂತೆ ಅದು ದ್ರಾಕ್ಷಿಯ ಫಲದಿಂದಲೇ ಬಂದ ಸಹಜ ರಸವಾಗಿರಬೇಕು, ಕೆಟ್ಟಿರಬಾರದು. ಬಲಿಪೂಜೆಗೆ ಬೇಕಾದ ರೊಟ್ಟಿ ಮತ್ತು ದ್ರಾಕ್ಷಾರಸಗಳು ಅಂಗಡಿಗಳಲ್ಲಿಯೂ ಅಂತರ್ಜಾಲದಲ್ಲಿಯೂ ಮಾರಾಟವಾಗುತ್ತಿರುವ ಈ ಕಾಲದಲ್ಲಿ, ಅವುಗಳನ್ನು ತಯಾರಿಸುವವರ ಪ್ರಾಮಾಣಿಕತೆಯನ್ನು ಖಚಿತಪಡಿಸಿಕೊಳ್ಳಬೇಕೆಂದು ರೋಮಿನ ದೈವಾರಾಧನಾ ಆಯೋಗ 2017ರಲ್ಲಿ ಧರ್ಮಾಧ್ಯಕ್ಷರಿಗೆ ಬರೆಯಿತು. ರುಚಿ ಹೇಗಿದೆಯೆಂದು ಅದು ಕೇಳಲಿಲ್ಲ. ಯಾರು ಮಾಡಿದರು, ಏನು ಬೆರೆಸಿದರು ಎಂದು ಕೇಳಿತು. ಕಾಣಿಕೆಯ ಪ್ರಾರ್ಥನೆಯಲ್ಲಿ ನಾವು ದ್ರಾಕ್ಷಾರಸವನ್ನು ಬಳ್ಳಿಯ ಫಲವೆಂದೂ ಮನುಷ್ಯರ ದುಡಿಮೆಯ ಫಲವೆಂದೂ ದೇವರ ಮುಂದೆ ಎತ್ತಿ ಹಿಡಿಯುತ್ತೇವೆ. ಆ ಬಳ್ಳಿ ಯಾವುದು, ಆ ಮನುಷ್ಯರು ಯಾರು ಎಂದು ನಾವು ಎಂದಾದರೂ ಕೇಳಿದ್ದೇವೆಯೇ?

ನಮ್ಮ ಭರಣಿಗೆ ಬರುವ ದ್ರಾಕ್ಷಿ

ಪ್ರಿಯ ಓದುಗರೇ, ಫ್ರಾನ್ಸಿನ ತೋಟವನ್ನು ಅಲ್ಲಿಯೇ ಬಿಟ್ಟು ನಮ್ಮ ಮನೆಗೆ ಬರೋಣ. 2010ರಲ್ಲಿ ನಮ್ಮ ದೇಶದಿಂದ ಯೂರೋಪಿಗೆ ಹೋದ ದ್ರಾಕ್ಷಿಯಲ್ಲಿ ಕ್ಲೋರ್‌ಮೆಕ್ವಾಟ್ ಎಂಬ ಬೆಳವಣಿಗೆ ನಿಯಂತ್ರಕದ ಅಂಶ ಮಿತಿಮೀರಿದೆಯೆಂದು ಅಲ್ಲಿಯವರು ತಿರಸ್ಕರಿಸಿದರು. ಬೆಳೆಗಾರರು ಅಪಾರ ನಷ್ಟಕ್ಕೆ ಒಳಗಾದರು. ರಫ್ತಾಗುವ ದ್ರಾಕ್ಷಿಗೆ ತೋಟದ ನೋಂದಣಿಯಿದೆ, ಪ್ರಯೋಗಾಲಯದ ಪರೀಕ್ಷೆಯಿದೆ. ನಮ್ಮ ಬೀದಿಯ ತಳ್ಳುಗಾಡಿಯಲ್ಲಿ ಬರುವ ದ್ರಾಕ್ಷಿ ಯಾವ ತೋಟದ್ದೆಂದು ಮಾರುವವನಿಗೂ ತಿಳಿದಿರುವುದಿಲ್ಲ. ಪರದೇಶದ ಮಗುವಿಗೆ ಪರೀಕ್ಷಿಸಿದ ಹಣ್ಣು, ನಮ್ಮ ಮಗುವಿಗೆ ತೊಳೆದ ಹಣ್ಣು! ಇದನ್ನು ಪ್ರಶ್ನಿಸದೆ, ಮೇಲೆ ಸಕ್ಕರೆ ಸುರಿದು ಭರಣಿಯ ಬಾಯಿ ಕಟ್ಟುತ್ತೇವೆ.

ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ‘ಬೆಂಗಳೂರು ನೀಲಿ’ ಬೆಳೆಯುವ ಸಣ್ಣ ರೈತರು ನಮ್ಮವರೇ. ಅವರಲ್ಲಿ ವಿಷ ಕಡಿಮೆ ಮಾಡಲು ಹೆಣಗುತ್ತಿರುವವರಿಗೆ ಬೇಕಾದುದು ನಮ್ಮ ಹೊಗಳಿಕೆಯಲ್ಲ, ಖಚಿತವಾದ ಕೊಳ್ಳುಗರು. ಒಂದು ಧರ್ಮಕೇಂದ್ರದ ಐವತ್ತು ಕುಟುಂಬಗಳು ಸೇರಿ, ಕ್ರಿಸ್ಮಸ್‌ಗೆ ಮೂರು ತಿಂಗಳ ಮೊದಲೇ ಒಬ್ಬ ರೈತನ ತೋಟಕ್ಕೆ ಹೋಗಿ, ಏನು ಸಿಂಪಡಿಸುತ್ತೀರಿ, ಕೊಯ್ಲಿಗೆ ಎಷ್ಟು ದಿನ ಮೊದಲು ನಿಲ್ಲಿಸುತ್ತೀರಿ, ಕೂಲಿಯವರಿಗೆ ಕೈಗವಸು, ಮುಖವಾಡ ಕೊಡುತ್ತೀರಾ ಎಂದು ವಿಚಾರಿಸಿ, ಕಿಲೋಗೆ ನಾಲ್ಕು ರೂಪಾಯಿ ಹೆಚ್ಚು ಕೊಟ್ಟು ಹಣ್ಣು ಗೊತ್ತುಮಾಡಿಕೊಳ್ಳಲು ಸಾಧ್ಯವಿಲ್ಲವೇ? ಕುಡಿತವನ್ನು ಸಂಪೂರ್ಣ ಬಿಟ್ಟ ಮನೆಗಳೂ ಇದರಲ್ಲಿ ಸೇರಬಹುದು. ಮಕ್ಕಳು ಹಣ್ಣನ್ನು ತಿನ್ನುತ್ತಾರಲ್ಲ! ಭರಣಿ ಇಡುವವರು ಈ ವರ್ಷ ಸಕ್ಕರೆಯನ್ನು ಅರ್ಧಕ್ಕೆ ಇಳಿಸಿ ನೋಡಲಿ. ಹುಳಿ ಮುಂದೆ ಬರುತ್ತದೆ, ಒಗರು ಮುಂದೆ ಬರುತ್ತದೆ. ಹಣ್ಣು ಚೆನ್ನಾಗಿಲ್ಲದಿದ್ದರೆ ಅದೂ ಗೊತ್ತಾಗುತ್ತದೆ. ಗೊತ್ತಾದಾಗ ಸಕ್ಕರೆ ಡಬ್ಬಿಗೆ ಕೈ ಹಾಕಬೇಡಿ. ಹಣ್ಣು ಬೆಳೆದವನ ಮನೆಯ ದಾರಿ ಹುಡುಕಿ ಹೊರಡಿ.